ಓದುಗರ ಪ್ರಶ್ನೆ: ಒತ್ತಡ ಪರೀಕ್ಷೆ ಮುಗಿದ ಮೇಲೆ ಆ ನೀರು ಎಲ್ಲಿಗೆ?

ಟ್ಯಾಂಕುಗಳು ಮತ್ತು ಕೊಳವೆಮಾರ್ಗಗಳು ಸೋರುತ್ತವೆಯೇ, ನಿಗದಿತ ಒತ್ತಡವನ್ನು ತಾಳಿಕೊಳ್ಳುತ್ತವೆಯೇ ಎಂದು ನೋಡಲು ಅವುಗಳಿಗೆ ನೀರು ತುಂಬಿ ಪರೀಕ್ಷಿಸುವ ಪದ್ಧತಿಗೆ ಹೈಡ್ರೋಟೆಸ್ಟ್ ಅಥವಾ ಜಲಒತ್ತಡ ಪರೀಕ್ಷೆ ಎಂದು ಹೆಸರು. ಈ ಕುರಿತು ನಮಗೆ ಬಂದ ಪತ್ರಗಳಲ್ಲಿ ಪರೀಕ್ಷೆಯನ್ನು ಹೇಗೆ ಮಾಡುತ್ತಾರೆ ಎಂದು ಕೇಳಿದವರು ಕಡಿಮೆ. ಪರೀಕ್ಷೆ ಮುಗಿದ ಮೇಲೆ ಹೊರಬಿಡುವ ನೀರಿನ ಬಗ್ಗೆಯೇ ಹೆಚ್ಚಿನವರು ಕೇಳಿದ್ದಾರೆ. ಒಂದೇ ವಿಷಯಕ್ಕೆ ಸೇರಿದ ಪ್ರಶ್ನೆಗಳನ್ನು ಒಟ್ಟುಗೂಡಿಸಿ ಇಲ್ಲಿ ಉತ್ತರಿಸಲಾಗಿದೆ.

ಪ್ರಶ್ನೆ: ಹೊಳೆಯಿಂದ ಎತ್ತಿದ ನೀರನ್ನು ಹೊಚ್ಚಹೊಸ ಪೈಪಿಗೆ ತುಂಬಿ, ಕೆಲವು ಗಂಟೆ ಒತ್ತಡದಲ್ಲಿಟ್ಟು, ಮತ್ತೆ ಅದೇ ಹೊಳೆಗೆ ಬಿಟ್ಟರೆ ಅದು ತ್ಯಾಜ್ಯನೀರು ಹೇಗಾಗುತ್ತದೆ? ಇದಕ್ಕೂ ಪರವಾನಗಿ ಬೇಕೆನ್ನುವುದು ಅತಿಯಾಯಿತಲ್ಲವೇ? (ಎಂಜಿನಿಯರಿಂಗ್ ವಿದ್ಯಾರ್ಥಿನಿಯೊಬ್ಬರು)

ಉತ್ತರ: ಪರೀಕ್ಷೆಯಲ್ಲಿ ನೀರು ಖರ್ಚಾಗುವುದಿಲ್ಲ ಮತ್ತು ಒತ್ತಡ ಕೊಟ್ಟ ಮಾತ್ರಕ್ಕೆ ಅದು ಕೆಡುವುದಿಲ್ಲ ಎಂಬ ನಿಮ್ಮ ಎಣಿಕೆ ಸರಿಯಾಗಿದೆ. ಆದರೆ ನೀರು ಹೊರಬರುವಾಗ ಒಂಟಿಯಾಗಿ ಬರುವುದಿಲ್ಲ. ಹೊಸ ಪೈಪಿನ ಒಳಗೆ ಉಕ್ಕನ್ನು ಕಾಯಿಸಿ ಉರುಳಿಸುವಾಗ ಕಟ್ಟಿದ ಕಪ್ಪು ಪದರದ ಚೂರುಗಳು, ಬೆಸುಗೆಯ ಕಿಟ್ಟ, ವೆಲ್ಡಿಂಗ್ ಕಡ್ಡಿಯ ತುಂಡುಗಳು, ಬಯಲಿನಲ್ಲಿ ಪೇರಿಸಿಟ್ಟ ದಿನಗಳಲ್ಲಿ ಹಿಡಿದ ತುಕ್ಕು, ಒಳಸೇರಿದ ಮಣ್ಣು ಮತ್ತು ಮರಳು, ಕೆಲವೊಮ್ಮೆ ತುಕ್ಕು ಹಿಡಿಯದಿರಲೆಂದು ಸವರಿದ ಎಣ್ಣೆ ಇರುತ್ತವೆ. ಇವೆಲ್ಲವನ್ನೂ ನೀರು ಹೊತ್ತು ತರುತ್ತದೆ. ಹಳೆಯ ಟ್ಯಾಂಕು ಅಥವಾ ಹಳೆಯ ಕೊಳವೆಯಾದರೆ, ಅದರಲ್ಲಿ ಈ ಮೊದಲು ಏನಿತ್ತೋ ಅದರ ಶೇಷವೂ ಸೇರಿಕೊಳ್ಳುತ್ತದೆ. ನೀರು ಕೊಳವೆಯಲ್ಲಿ ಹೆಚ್ಚು ದಿನ ನಿಲ್ಲುವುದಿದ್ದರೆ ಬೆರೆಸುವ ರಾಸಾಯನಿಕಗಳ ಮಾತು ಬೇರೆಯೇ ಇದೆ; ಅದಕ್ಕೆ ಮುಂದೆ ಬರುತ್ತೇನೆ.

ಎರಡನೆಯ ಕಾರಣ ನೀರಿನ ಪ್ರಮಾಣ. ಒಳವ್ಯಾಸ 1 ಮೀಟರ್ ಇರುವ ಕೊಳವೆಯ ಪ್ರತಿ ಕಿಲೋಮೀಟರಿಗೆ ಸುಮಾರು 785 ಘನಮೀಟರ್, ಅಂದರೆ 7,85,000 ಲೀಟರ್ ನೀರು ಹಿಡಿಯುತ್ತದೆ. 30 ಮೀಟರ್ ವ್ಯಾಸದ ಟ್ಯಾಂಕಿಗೆ 12 ಮೀಟರ್ ಎತ್ತರದವರೆಗೆ ತುಂಬಿದರೆ ಸುಮಾರು 8,480 ಘನಮೀಟರ್ ಆಗುತ್ತದೆ. ಇಂಥ ಟ್ಯಾಂಕನ್ನು ಸೆಕೆಂಡಿಗೆ 100 ಲೀಟರಿನಂತೆ ಖಾಲಿ ಮಾಡಲು ಹೆಚ್ಚುಕಡಿಮೆ ಒಂದು ಹಗಲು, ಒಂದು ರಾತ್ರಿ ಬೇಕು. ತುಂಬಿದ ಟ್ಯಾಂಕಿನ ತಳದ ವಾಲ್ವನ್ನು ಪೂರ್ತಿ ತೆರೆದರೆ ಲೆಕ್ಕದ ಪ್ರಕಾರ ನೀರು ಸೆಕೆಂಡಿಗೆ 15 ಮೀಟರ್ ವೇಗದಲ್ಲಿ ಚಿಮ್ಮುತ್ತದೆ. ಆ ನೀರು ಹಾಲಿನಷ್ಟು ಶುದ್ಧವಾಗಿದ್ದರೂ ಎದುರಿಗಿರುವ ತೊರೆಯ ದಂಡೆಯನ್ನು ಕೊರೆದು, ಆ ಮಣ್ಣನ್ನೆಲ್ಲ ಕೆಳಗಿನ ಹರಿವಿಗೆ ಸೇರಿಸುತ್ತದೆ. ಹಾಗಾಗಿ ನಿಯಮಗಳು ನೀರಿನ ಗುಣದ ಜೊತೆಗೆ ಅದನ್ನು ಬಿಡುವ ವೇಗ, ಬಿಡುವ ಸ್ಥಳ ಮತ್ತು ವೇಗ ತಗ್ಗಿಸುವ ವ್ಯವಸ್ಥೆಯನ್ನೂ ಕೇಳುತ್ತವೆ.

ಅದೇ ಹೊಳೆಗೆ ಮರಳಿ ಬಿಡುವುದು ಒಳ್ಳೆಯ ಕ್ರಮವೇ. ಒಂದು ನದಿಯ ನೀರನ್ನು ಹತ್ತಾರು ಕಿಲೋಮೀಟರ್ ಕೊಳವೆಯಲ್ಲಿ ದೂಡಿಕೊಂಡು ಹೋಗಿ ಇನ್ನೊಂದು ನದಿಯ ಪಾತ್ರಕ್ಕೆ ಬಿಟ್ಟರೆ, ಮೊದಲ ನದಿಯ ಕಳೆಗಿಡ, ಚಿಪ್ಪುಜೀವಿ, ರೋಗಾಣುಗಳು ಜೊತೆಗೇ ಪಯಣಿಸುತ್ತವೆ. ನೀರನ್ನು ಎತ್ತುವಾಗಲೂ ಮಿತಿ ಇರಬೇಕು. ವಿಶ್ವಬ್ಯಾಂಕ್ ಸಮೂಹಕ್ಕೆ ಸೇರಿದ ಅಂತರರಾಷ್ಟ್ರೀಯ ಹಣಕಾಸು ನಿಗಮದ ಮಾರ್ಗಸೂಚಿಯು, ಪರೀಕ್ಷೆಗೆ ಎತ್ತುವ ನೀರು ಆ ಮೂಲದ ಹರಿವಿನ ಶೇಕಡಾ 10ನ್ನು ಮೀರಬಾರದೆಂದು ಹೇಳುತ್ತದೆ.

ಪ್ರಶ್ನೆ: ಇಷ್ಟೆಲ್ಲ ತೊಡಕಿದ್ದರೆ ನೀರಿನ ಬದಲು ಗಾಳಿ ತುಂಬಿ ಪರೀಕ್ಷಿಸಬಾರದೇಕೆ?

ಉತ್ತರ: ಜೀವಭಯದಿಂದ. 100 ಬಾರ್, ಅಂದರೆ ವಾತಾವರಣದ ಒತ್ತಡದ ಸುಮಾರು ನೂರು ಪಟ್ಟು ಒತ್ತಡದಲ್ಲಿಯೂ ನೀರಿನ ಗಾತ್ರ ಕುಗ್ಗುವುದು ಶೇಕಡಾ ಅರ್ಧಕ್ಕಿಂತ ಕಡಿಮೆ. ಹೀಗಾಗಿ ಬೆಸುಗೆ ಬಿಟ್ಟರೆ ಸ್ವಲ್ಪ ನೀರು ಚಿಮ್ಮುತ್ತಲೇ ಒತ್ತಡ ಇಳಿದುಹೋಗುತ್ತದೆ. ಗಾಳಿಯಾದರೋ ಒತ್ತಿಟ್ಟ ಸ್ಪ್ರಿಂಗಿನಂತೆ ಅಪಾರ ಶಕ್ತಿಯನ್ನು ಹಿಡಿದಿಟ್ಟುಕೊಂಡಿರುತ್ತದೆ. ಅದು ಒಡೆದರೆ ಸಿಡಿತವೇ ಸರಿ. ನೀರನ್ನು ಬಳಸಲು ಸಾಧ್ಯವೇ ಇಲ್ಲದ ಕಡೆ ಮಾತ್ರ, ಹೆಚ್ಚಿನ ಎಚ್ಚರಿಕೆಯೊಂದಿಗೆ, ಗಾಳಿ ಅಥವಾ ಸಾರಜನಕದಿಂದ ಪರೀಕ್ಷಿಸುತ್ತಾರೆ.

ಪ್ರಶ್ನೆ: ಪೆಟ್ರೋಲ್ ಸಂಗ್ರಹಿಸಿದ್ದ ಟ್ಯಾಂಕಿನ ದುರಸ್ತಿಯಾದ ಮೇಲೆ ಅದನ್ನು ಚೆನ್ನಾಗಿ ತೊಳೆದು ನೀರು ತುಂಬಿದ್ದೇವೆ. ನೀರು ತಿಳಿಯಾಗಿಯೇ ಕಾಣುತ್ತಿದೆ. ಮಾದರಿಯನ್ನು ಪ್ರಯೋಗಾಲಯಕ್ಕೆ ಕಳುಹಿಸಲೇಬೇಕೇ? ಕಳುಹಿಸುವುದಾದರೆ ಎಲ್ಲಿಂದ ತೆಗೆಯಬೇಕು? (ಗುತ್ತಿಗೆದಾರರೊಬ್ಬರು)

ಉತ್ತರ: ಕಳುಹಿಸಲೇಬೇಕು, ಏಕೆಂದರೆ ಇಲ್ಲಿ ಕಣ್ಣನ್ನು ನಂಬುವಂತಿಲ್ಲ. ಪೆಟ್ರೋಲಿನಲ್ಲಿರುವ ಬೆಂಜೀನ್, ಟೊಲ್ಯೂಈನ್, ಈಥೈಲ್‌ಬೆಂಜೀನ್ ಮತ್ತು ಕ್ಸೈಲೀನ್ ನೀರಿನಲ್ಲಿ ಕರಗುತ್ತವೆ ಮತ್ತು ಕರಗಿದ ಮೇಲೆ ಬಣ್ಣವನ್ನಾಗಲಿ ಪೊರೆಯನ್ನಾಗಲಿ ತೋರಿಸುವುದಿಲ್ಲ. ಸಣ್ಣದೊಂದು ಲೆಕ್ಕ ನೋಡಿ. ಗಾತ್ರದಲ್ಲಿ ಶೇಕಡಾ 1ರಷ್ಟು ಬೆಂಜೀನ್ ಇರುವ ಒಂದು ಲೀಟರ್ ಪೆಟ್ರೋಲಿನಲ್ಲಿ ಸುಮಾರು 8.8 ಗ್ರಾಂ ಬೆಂಜೀನ್ ಇರುತ್ತದೆ. ಕುಡಿಯುವ ನೀರಿನಲ್ಲಿ ಬೆಂಜೀನಿಗೆ ವಿಶ್ವ ಆರೋಗ್ಯ ಸಂಸ್ಥೆ ಸೂಚಿಸಿರುವ ಪ್ರಮಾಣ ಲೀಟರಿಗೆ 10 ಮೈಕ್ರೋಗ್ರಾಂ. ಅಂದರೆ ಆ ಒಂದು ಲೀಟರಿನ ಬೆಂಜೀನೆಲ್ಲ ಕರಗಿದರೆ 880 ಘನಮೀಟರ್ ನೀರನ್ನು ಆ ಮಿತಿಗೆ ತಂದು ನಿಲ್ಲಿಸಬಲ್ಲದು. ಮೇಲೆ ಹೇಳಿದ 8,480 ಘನಮೀಟರಿನ ಟ್ಯಾಂಕಿಗೆ ಹತ್ತು ಲೀಟರ್ ಸಾಕು. ತಳದ ಗುಂಡಿಯಲ್ಲಿ, ತೇಲುಚಾವಣಿಯನ್ನು ತೇಲಿಸುವ ಪಾಂಟೂನ್ ಎಂಬ ಟೊಳ್ಳು ಪೆಟ್ಟಿಗೆಯ ಒಳಗೆ, ಮುಚ್ಚಿಟ್ಟ ಕವಲುಕೊಳವೆಯ ತುದಿಯಲ್ಲಿ ಹತ್ತು ಲೀಟರ್ ಉಳಿದುಕೊಳ್ಳುವುದು ಎಷ್ಟು ಸುಲಭವೆಂಬುದು ನನಗಿಂತ ನಿಮಗೇ ಚೆನ್ನಾಗಿ ಗೊತ್ತು. ಸೀಸ ಬೆರೆಸಿದ ಪೆಟ್ರೋಲಿನ ಕಾಲದ ಹಳೆಯ ಟ್ಯಾಂಕಾದರೆ ಸೀಸವನ್ನೂ ಪರೀಕ್ಷೆಯ ಪಟ್ಟಿಗೆ ಸೇರಿಸಿ.

ಮಾದರಿಯನ್ನು ಎಲ್ಲಿಂದ ತೆಗೆಯಬೇಕೆಂಬ ನಿಮ್ಮ ಎರಡನೆಯ ಪ್ರಶ್ನೆ ಮೊದಲನೆಯದಕ್ಕಿಂತ ಮುಖ್ಯವಾದದ್ದು. ಟ್ಯಾಂಕಿನ ನೀರು ಮೇಲಿಂದ ಕೆಳಗಿನವರೆಗೆ ಒಂದೇ ತೆರನಾಗಿರುವುದಿಲ್ಲ. ಕೆಸರು ಮತ್ತು ತುಕ್ಕು ತಳದಲ್ಲಿ ಕೂರುತ್ತವೆ, ಎಣ್ಣೆ ಮೇಲೆ ತೇಲುತ್ತದೆ. ತಳದ ವಾಲ್ವಿನಿಂದ ಬಿಡುವಾಗ ಮೊದಲ ಕೆಲವು ನಿಮಿಷಗಳ ನೀರು ಕೊಳಕಾಗಿರುತ್ತದೆ, ನಡುವಿನ ಗಂಟೆಗಳಲ್ಲಿ ತಿಳಿಯಾಗಿ ಬರುತ್ತದೆ, ಕೊನೆಗೆ ಮೇಲ್ಪದರವೇ ವಾಲ್ವಿನ ಬಾಯಿಗೆ ಇಳಿದು ಬಂದಾಗ ಎಣ್ಣೆ ಕಾಣಿಸಿಕೊಳ್ಳುತ್ತದೆ. ಕೊಳವೆಮಾರ್ಗದಲ್ಲಿಯೂ ಹಾಗೆಯೇ: ನೀರನ್ನು ಹೊರದೂಡಲು ಓಡಿಸುವ ಪಿಗ್ ಎಂಬ ಉರುಳೆಯ ಮುಂದೆ ಗೋಡೆಯಿಂದ ಕೆರೆದ ಕೊಳೆಯೆಲ್ಲ ಒಟ್ಟಾಗಿ ಬರುವುದರಿಂದ ಕೊನೆಯ ನೀರು ಎಲ್ಲಕ್ಕಿಂತ ಕೆಟ್ಟದಾಗಿರುತ್ತದೆ. ಮಧ್ಯದ ಗಂಟೆಯಲ್ಲಿ ಒಂದೇ ಒಂದು ಬಾಟಲಿ ತುಂಬಿಸಿ ವರದಿ ಪಡೆದವರು ಸುಳ್ಳು ಹೇಳಿದಂತಾಗುವುದಿಲ್ಲ, ಆದರೆ ನಿಜ ಹೇಳಿದಂತೆಯೂ ಆಗುವುದಿಲ್ಲ.

ಆದುದರಿಂದ ಬಿಡುವ ಮೊದಲು ಟ್ಯಾಂಕಿನ ಮೇಲು, ನಡು, ತಳ ಈ ಮೂರು ಮಟ್ಟಗಳಿಂದ ಮಾದರಿ ತೆಗೆದು ಫಲಿತಾಂಶ ಬರುವವರೆಗೆ ಕಾಯಿರಿ. ಬಿಡುವಾಗ ಆರಂಭದಲ್ಲಿ, ಮಧ್ಯದಲ್ಲಿ ಮತ್ತು ಕೊನೆಯಲ್ಲಿ ಮತ್ತೆ ತೆಗೆಯಿರಿ. ಬೆಂಜೀನ್ ಆವಿಯಾಗಿ ಹಾರಿಹೋಗುವ ವಸ್ತುವಾದ್ದರಿಂದ ಅದರ ಮಾದರಿಯ ಬಾಟಲಿಯಲ್ಲಿ ಗಾಳಿಗುಳ್ಳೆಯೂ ಉಳಿಯದಂತೆ ಅಂಚಿನವರೆಗೆ ತುಂಬಿ ಮುಚ್ಚಿ, ತಂಪಿನಲ್ಲಿಟ್ಟು ಕಳುಹಿಸಬೇಕು. ಮೊದಲ ಮತ್ತು ಕೊನೆಯ ಭಾಗದ ನೀರನ್ನು ಬೇರೆ ಟ್ಯಾಂಕರಿಗೆ ತಿರುಗಿಸಿ ಸಂಸ್ಕರಣೆಗೆ ಕಳುಹಿಸುವ ಏರ್ಪಾಡನ್ನು ಮೊದಲೇ ಮಾಡಿಕೊಳ್ಳಿ. ಹೊರಹರಿವಿನ ಮೇಲೆ ಕಾಮನಬಿಲ್ಲಿನ ಬಣ್ಣದ ಪೊರೆ ಕಂಡ ಕ್ಷಣವೇ ವಾಲ್ವ್ ಮುಚ್ಚಬೇಕು. ಅಂಥ ಹೊತ್ತಿನಲ್ಲಿ ವರದಿಗಾಗಿ ಕಾಯುವಂತಿಲ್ಲ.

ಪ್ರಶ್ನೆ: ಇಂಥ ನೀರಿಗೆ ಕಾನೂನು ಯಾವ ಮಿತಿಗಳನ್ನು ಹಾಕಿದೆ? ಎಲ್ಲ ದೇಶಗಳಲ್ಲಿಯೂ ಒಂದೇ ರೀತಿಯ ನಿಯಮವಿದೆಯೇ?

ಉತ್ತರ: ಒಂದೇ ರೀತಿಯಾಗಿಲ್ಲ, ಆದರೆ ತರ್ಕ ಬಹುತೇಕ ಒಂದೇ. ಅಮೆರಿಕದಲ್ಲಿ 1972ರ ಶುದ್ಧ ನೀರು ಕಾಯ್ದೆಯ ಪ್ರಕಾರ ಕೊಳವೆ, ಕಾಲುವೆಯಂಥ ನಿರ್ದಿಷ್ಟ ಬಾಯಿಯಿಂದ ಜಲಮೂಲಕ್ಕೆ ಮಾಲಿನ್ಯಕಾರಕವನ್ನು ಬಿಡುವ ಯಾರೇ ಆದರೂ ಪರವಾನಗಿ ಪಡೆಯಬೇಕು. ಒತ್ತಡ ಪರೀಕ್ಷೆಯ ನೀರು ಇದೇ ವ್ಯಾಪ್ತಿಗೆ ಬರುತ್ತದೆ. ಆದರೆ ಎರಡು ದಿನ ಹರಿದು ನಿಲ್ಲುವ ನೀರಿಗೆ, ವರ್ಷಗಟ್ಟಲೆ ನಡೆಯುವ ಕಾರ್ಖಾನೆಗೆ ಕೊಡುವಂತೆ ತಿಂಗಳುಗಳ ಕಾಲ ಪರಿಶೀಲಿಸಿ ಪ್ರತ್ಯೇಕ ಪರವಾನಗಿ ಕೊಡುತ್ತ ಕುಳಿತರೆ ಎರಡೂ ಕಡೆಯವರಿಗೆ ಕಷ್ಟ. ಟೆಕ್ಸಾಸ್, ಲೂಸಿಯಾನದಂಥ ರಾಜ್ಯಗಳು ಇದಕ್ಕಾಗಿಯೇ ಸಾಮಾನ್ಯ ಪರವಾನಗಿಯೊಂದನ್ನು ರೂಪಿಸಿವೆ: ಷರತ್ತುಗಳು ಎಲ್ಲರಿಗೂ ಮೊದಲೇ ಬರೆದಿಟ್ಟದ್ದಾಗಿರುತ್ತವೆ ಮತ್ತು ಆ ಷರತ್ತುಗಳಿಗೆ ಒಳಪಡುವವರು ಅವನ್ನು ಪಾಲಿಸುತ್ತ ನೀರನ್ನು ಬಿಡಬಹುದು. ಎಣ್ಣೆ ಮತ್ತು ಗ್ರೀಸ್ ಲೀಟರಿಗೆ 15 ಮಿಲಿಗ್ರಾಂ ಮೀರಬಾರದು, ಆಮ್ಲ-ಕ್ಷಾರ ಗುಣದ ಅಳತೆಯಾದ ಪಿಎಚ್ 6ರಿಂದ 9ರ ನಡುವೆ ಇರಬೇಕು ಎಂಬವು ಅಲ್ಲಿನ ಪರವಾನಗಿಗಳಲ್ಲಿ ಕಾಣುವ ಷರತ್ತುಗಳು.

ಭಾರತದಲ್ಲಿ 1974ರ ಜಲ ಮಾಲಿನ್ಯ ತಡೆ ಮತ್ತು ನಿಯಂತ್ರಣ ಕಾಯ್ದೆಯ ಪ್ರಕಾರ ಹೊರಬಿಡುವಿಕೆಗೆ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯ ಸಮ್ಮತಿ ಬೇಕು. 1986ರ ಪರಿಸರ ಸಂರಕ್ಷಣಾ ನಿಯಮಗಳ ಸಾಮಾನ್ಯ ಮಾನದಂಡಗಳು ಒಳನಾಡಿನ ಜಲಮೂಲಕ್ಕೆ ಎಣ್ಣೆ ಮತ್ತು ಗ್ರೀಸ್ 10 ಮಿಲಿಗ್ರಾಂ, ತೇಲಾಡುವ ಘನಕಣ 100 ಮಿಲಿಗ್ರಾಂ, ಸೀಸ 0.1 ಮಿಲಿಗ್ರಾಂ, ಪಿಎಚ್ 5.5ರಿಂದ 9 ಎಂದು ನಿಗದಿಪಡಿಸಿವೆ. ಮೇಲೆ ಹೇಳಿದ ಹಣಕಾಸು ನಿಗಮದ ಮಾರ್ಗಸೂಚಿ ಘನಕಣಕ್ಕೆ ಇನ್ನೂ ಬಿಗಿಯಾದ 35 ಮಿಲಿಗ್ರಾಂ ಮತ್ತು ಹೈಡ್ರೋಕಾರ್ಬನ್‌ಗಳಿಗೆ 10 ಮಿಲಿಗ್ರಾಂ ಎನ್ನುತ್ತದೆ.

ಈ ಅಂಕಿಗಳನ್ನು ಓದುವಾಗ ಒಂದು ಕೊರತೆಯನ್ನು ಗಮನಿಸಬೇಕು. ಇವೆಲ್ಲವೂ ಲೀಟರಿಗೆ ಇಷ್ಟು ಎಂಬ ಸಾಂದ್ರತೆಯ ಮಿತಿಗಳೇ ಹೊರತು ಒಟ್ಟು ಪ್ರಮಾಣದ ಮಿತಿಗಳಲ್ಲ. ಲೀಟರಿಗೆ 15 ಮಿಲಿಗ್ರಾಂ ಎಂಬುದು ಕೇಳಲು ಅತ್ಯಲ್ಪ. ಆದರೆ 8,480 ಘನಮೀಟರಿನ ಟ್ಯಾಂಕು ಆ ಮಿತಿಯೊಳಗೇ ಇದ್ದುಕೊಂಡು, ಯಾವ ನಿಯಮವನ್ನೂ ಮುರಿಯದೆ, ಸುಮಾರು 127 ಕಿಲೋಗ್ರಾಂ ಎಣ್ಣೆಯನ್ನು ಒಂದೇ ದಿನದಲ್ಲಿ ತೊರೆಗೆ ಸೇರಿಸಬಹುದು. ತುಂಬಿ ಹರಿಯುವ ನದಿಗೆ ಅದು ಹೊರೆಯಾಗದಿರಬಹುದು, ಬೇಸಿಗೆಯಲ್ಲಿ ಬತ್ತಿದ ಹಳ್ಳಕ್ಕೆ ಅದು ಸಾವೇ ಸರಿ. ಪರವಾನಗಿ ಕೊಡುವ ಅಧಿಕಾರಿ ಸಾಂದ್ರತೆಯ ಪಟ್ಟಿಯ ಜೊತೆಗೆ ಸ್ವೀಕರಿಸುವ ಜಲಮೂಲದ ಆ ದಿನಗಳ ಹರಿವನ್ನೂ ಕೇಳಬೇಕೆಂಬುದು ನನ್ನ ಅಭಿಪ್ರಾಯ. ಹಾಗೆಯೇ, ಮಿತಿ ಮೀರಿದ ನೀರಿಗೆ ಶುದ್ಧ ನೀರನ್ನು ಬೆರೆಸಿ ಅಂಕಿಯನ್ನು ಇಳಿಸುವುದನ್ನು ಸಂಸ್ಕರಣೆ ಎಂದು ಒಪ್ಪಲಾಗದು. ಅದರಿಂದ ಮಾಲಿನ್ಯದ ತೂಕ ಒಂದು ಗ್ರಾಂ ಕೂಡ ಕಡಿಮೆಯಾಗುವುದಿಲ್ಲ.

ಪ್ರಶ್ನೆ: ನಮ್ಮ ಕೊಳವೆಮಾರ್ಗದಲ್ಲಿ ಪರೀಕ್ಷೆಯ ನೀರು ಎರಡು ತಿಂಗಳು ನಿಲ್ಲಲಿದೆ. ಆಮ್ಲಜನಕ ಹೀರುವ ರಾಸಾಯನಿಕ ಮತ್ತು ಜೀವಾಣುನಾಶಕ ಎರಡನ್ನೂ ಹಾಕಬೇಕೆಂದು ಪೂರೈಕೆದಾರರು ಹೇಳುತ್ತಾರೆ. ಎರಡೂ ಜೈವಿಕವಾಗಿ ವಿಘಟನೆಯಾಗುತ್ತವೆಯಂತೆ. ಹೊರಬಿಡುವಾಗ ಚಿಂತೆಯಿಲ್ಲವೇ? (ಯೋಜನಾ ಎಂಜಿನಿಯರೊಬ್ಬರು)

ಉತ್ತರ: ಚಿಂತೆಯಿದೆ, ಮತ್ತು ಅದು ಹೊರಬಿಡುವ ದಿನದ ಚಿಂತೆಯಲ್ಲ, ತುಂಬುವ ದಿನದ ಚಿಂತೆ. ನೀರು ತುಂಬುವ ಮೊದಲು ಯಾವ ವಸ್ತುವನ್ನು ಎಷ್ಟು ಬೆರೆಸುತ್ತೀರಿ ಎಂದು ನಿರ್ಧರಿಸಿದಾಗಲೇ ಎರಡು ತಿಂಗಳ ನಂತರ ತೊರೆಗೆ ಏನು ಸೇರುತ್ತದೆ ಎಂಬುದು ಮುಕ್ಕಾಲು ಪಾಲು ನಿರ್ಧಾರವಾಗಿಬಿಟ್ಟಿರುತ್ತದೆ.

ಮೊದಲು, ಕೊಳವೆ ತುಕ್ಕು ಹಿಡಿಯದಿರಲೆಂದು ಹಾಕುವ, ಆಮ್ಲಜನಕ ಹೀರುವ ಸೋಡಿಯಂ ಬೈಸಲ್ಫೈಟನ್ನು ನೋಡೋಣ. ಒಂದು ಭಾಗ ಆಮ್ಲಜನಕವನ್ನು ತೆಗೆಯಲು ಅದರ ಸುಮಾರು 6.5 ಭಾಗ ಬೇಕು. ತಾಪಮಾನ 25 ಡಿಗ್ರಿ ಇರುವ ಸಿಹಿನೀರಿನಲ್ಲಿ ಲೀಟರಿಗೆ ಸುಮಾರು 8 ಮಿಲಿಗ್ರಾಂ ಆಮ್ಲಜನಕ ಇರುತ್ತದೆಯಾದ್ದರಿಂದ 52 ಮಿಲಿಗ್ರಾಂ ಸಾಕಾಗುತ್ತದೆ. ಸುರಕ್ಷತೆಗೆ ಇರಲಿ ಎಂದು 100 ಮಿಲಿಗ್ರಾಂ ಹಾಕಿದರೆ ಮಿಕ್ಕ 48 ಮಿಲಿಗ್ರಾಂ, ಕೊಳವೆಯೊಳಗೆ ಬೇರೆ ಆಮ್ಲಜನಕ ಸಿಗದ ಕಾರಣ, ಖರ್ಚಾಗದೆ ಉಳಿದು ಹೊರಬಿಟ್ಟ ದಿನ ತೊರೆಯ ಆಮ್ಲಜನಕವನ್ನು ಹೀರಲು ಆರಂಭಿಸುತ್ತದೆ. ಪ್ರತಿ ಲೀಟರ್ ಪರೀಕ್ಷಾ ನೀರು ಒಂದು ಲೀಟರ್ ತೊರೆ ನೀರಿನ ಉಸಿರನ್ನು ಹೆಚ್ಚುಕಡಿಮೆ ಪೂರ್ತಿ ಕಸಿದುಕೊಳ್ಳಬಲ್ಲದು. ಬೈಸಲ್ಫೈಟ್ ಆಮ್ಲಜನಕದೊಂದಿಗೆ ಸೇರಿ ಸಲ್ಫೇಟ್ ಆಗುತ್ತದೆ ಎಂಬುದು ಸುಳ್ಳಲ್ಲ. ಆದರೆ ಅದಕ್ಕೆ ಬೇಕಾದ ಆಮ್ಲಜನಕ ಮೀನಿನ ಪಾಲಿನದಾಗಿರುತ್ತದೆ. ಹೊರಬಿಡುವ ಮೊದಲು ಆ ನೀರನ್ನು ಗಾಳಿಗೆ ಸಿಂಪಡಿಸಿ ಅಥವಾ ಹೊಂಡದಲ್ಲಿ ಗಾಳಿಯಾಡಿಸಿ, ಆಮ್ಲಜನಕವನ್ನು ಅಳೆದು ನೋಡಬೇಕು.

ಜೀವಾಣುನಾಶಕದ ಕೆಲಸವೇ ಜೀವಿಗಳನ್ನು ಕೊಲ್ಲುವುದು. ಕೊಳವೆಯ ಬ್ಯಾಕ್ಟೀರಿಯಾವನ್ನು ಕೊಂದು, ತೊರೆಯ ನೀರುಚಿಗಟವನ್ನು ಬಿಟ್ಟುಬಿಡುವಷ್ಟು ವಿವೇಕ ಅದಕ್ಕಿರುವುದಿಲ್ಲ. ಜೈವಿಕವಾಗಿ ವಿಘಟನೆಯಾಗುತ್ತದೆ ಎಂಬ ಹೇಳಿಕೆಯನ್ನು ಕೇಳಿದಾಗ ಎಷ್ಟು ದಿನಗಳಲ್ಲಿ, ಎಷ್ಟು ಸಾಂದ್ರತೆಯಲ್ಲಿ, ಬೆಳಕೂ ಗಾಳಿಯೂ ಇಲ್ಲದ ಕೊಳವೆಯಲ್ಲೋ ತೆರೆದ ಹೊಂಡದಲ್ಲೋ ಎಂದು ಮರುಪ್ರಶ್ನೆ ಹಾಕಿ, ಜಲಚರಗಳ ಮೇಲೆ ನಡೆಸಿದ ವಿಷಪರೀಕ್ಷೆಯ ವರದಿಯನ್ನು ಕೇಳಿ. ಇನ್ನೊಂದು ಮಾತು. ನಿಮ್ಮ ಜೀವಾಣುನಾಶಕ ಗ್ಲುಟರಾಲ್ಡಿಹೈಡ್ ಆಗಿದ್ದರೆ, ಬೈಸಲ್ಫೈಟ್ ಅದನ್ನು ನಿಷ್ಕ್ರಿಯಗೊಳಿಸುತ್ತದೆ. ಒಟ್ಟಿಗೆ ಸುರಿದರೆ ಎರಡೂ ಒಂದನ್ನೊಂದು ಕೊಂದುಕೊಂಡು, ಹಣವೂ ಹೋಗಿ ಕೊಳವೆಗೂ ರಕ್ಷಣೆ ಸಿಗದಂತಾಗುತ್ತದೆ. ಇದೇ ಗುಣವನ್ನು ಹೊರಬಿಡುವ ಮೊದಲು ಗ್ಲುಟರಾಲ್ಡಿಹೈಡಿನ ವಿಷವನ್ನು ತಗ್ಗಿಸಲು ಬಳಸುವುದುಂಟು, ಆದರೆ ಅಲ್ಲಿಯೂ ಬೈಸಲ್ಫೈಟ್ ಹೆಚ್ಚಾಗದಂತೆ ನೋಡಿಕೊಳ್ಳಬೇಕು.

ಏನನ್ನೂ ಬೆರೆಸದೆ ನೀರನ್ನು ತಿಂಗಳುಗಟ್ಟಲೆ ನಿಲ್ಲಿಸಿದರೂ ಕ್ಷೇಮವಿಲ್ಲ. ಸಲ್ಫೇಟನ್ನು ಸಲ್ಫೈಡಾಗಿ ಬದಲಿಸುವ ಬ್ಯಾಕ್ಟೀರಿಯಾ ಬೆಳೆದು ನೀರು ಕಪ್ಪಾಗಿ, ಕೊಳೆತ ಮೊಟ್ಟೆಯ ವಾಸನೆಯ ಹೈಡ್ರೋಜನ್ ಸಲ್ಫೈಡ್ ತುಂಬಿಕೊಂಡು, ಕೊಳವೆಯ ಗೋಡೆಯೂ ಗುಳಿಬೀಳುತ್ತದೆ. ಹಾಗಿದ್ದರೆ ಹೆಚ್ಚು ಸರಳವಾದ ದಾರಿಯೆಂದರೆ ಎರಡು ತಿಂಗಳು ನಿಲ್ಲಿಸದಿರುವುದು. ದ್ರವ ಸಾಗಿಸುವ ಕೊಳವೆಮಾರ್ಗಗಳಿಗೆ ಅಮೆರಿಕದ ನಿಯಮ ಕೇಳುವ ಪರೀಕ್ಷಾ ಅವಧಿ, ಗರಿಷ್ಠ ಕಾರ್ಯಒತ್ತಡದ 1.25 ಪಟ್ಟಿನಲ್ಲಿ 4 ಗಂಟೆ; ಸೋರಿಕೆಯನ್ನು ಕಣ್ಣಿನಿಂದ ನೋಡಲಾಗದ ಕಡೆ 1.1 ಪಟ್ಟಿನಲ್ಲಿ ಇನ್ನೂ 4 ಗಂಟೆ. ಎಂಟು ಗಂಟೆಯ ಕೆಲಸಕ್ಕೆ ಅರವತ್ತು ದಿನ ನೀರು ನಿಲ್ಲುವುದು ಬಹುತೇಕ ವೇಳಾಪಟ್ಟಿಯ ದೋಷ. ಆ ದೋಷಕ್ಕೆ ರಾಸಾಯನಿಕದ ಮದ್ದು ಹುಡುಕುವ ಮೊದಲು ವೇಳಾಪಟ್ಟಿಯನ್ನೇ ತಿದ್ದಲು ಸಾಧ್ಯವೇ ಎಂದು ನೋಡಿ.

ಪ್ರಶ್ನೆ: ನಮ್ಮ ಜಮೀನಿನ ಪಕ್ಕದಲ್ಲಿ ಕೊಳವೆ ಹಾಕುತ್ತಿರುವವರು ಪರೀಕ್ಷೆಯ ನೀರನ್ನು ಹೊಲಕ್ಕೇ ಬಿಡುತ್ತೇವೆ, ಬೆಳೆಗೂ ಆಗುತ್ತದೆ ಎನ್ನುತ್ತಾರೆ. ಒಪ್ಪಬಹುದೇ? (ಕೃಷಿಕರೊಬ್ಬರು)

ಉತ್ತರ: ರಾಸಾಯನಿಕ ಬೆರೆಸದ, ಹೊಸ ಪೈಪಿನ ಸಿಹಿನೀರಾದರೆ ನದಿಗೆ ಬಿಡುವುದಕ್ಕಿಂತ ನೆಲಕ್ಕೆ ಬಿಡುವುದೇ ಎಷ್ಟೋ ಸಲ ಮೇಲು, ಏಕೆಂದರೆ ತುಕ್ಕಿನ ಕಣಗಳನ್ನು ಮಣ್ಣು ಸೋಸಿಕೊಳ್ಳುತ್ತದೆ. ಒಪ್ಪುವ ಮೊದಲು ನೀರು ಎಲ್ಲಿಂದ ತಂದದ್ದು, ಅದರ ಉಪ್ಪಿನಂಶ ಎಷ್ಟು, ಅದಕ್ಕೆ ಏನೇನು ಬೆರೆಸಲಾಗಿದೆ, ಕೊಳವೆ ಹೊಸದೋ ಹಳೆಯದೋ ಎಂಬ ನಾಲ್ಕು ಸಂಗತಿಗಳನ್ನು ಬರಹದಲ್ಲಿ ಪಡೆದುಕೊಳ್ಳಿ. ಹಳೆಯ ಕೊಳವೆಯಾಗಿದ್ದರೆ ಅಥವಾ ಜೀವಾಣುನಾಶಕ ಬೆರೆತಿದ್ದರೆ ಪ್ರಯೋಗಾಲಯದ ವರದಿ ನೋಡದೆ ಒಪ್ಪಬೇಡಿ. ಹತ್ತಿರದಲ್ಲಿ ಬಾವಿ ಇದ್ದರಂತೂ ಇನ್ನೂ ಎಚ್ಚರ ಬೇಕು, ಬೆಂಜೀನಿನಂಥ ಕರಗಿದ ವಸ್ತುವನ್ನು ಮಣ್ಣು ತಡೆಯದೆ ಕೆಳಗಿಳಿಸಿಬಿಡಬಹುದು. ನೀರು ಒಂದೇ ಬಾಯಿಯಿಂದ ಧುಮುಕದೆ, ಸೋಸುಚೀಲದ ಮೂಲಕ ಹಾದು, ನೆಲ ಕುಡಿಯುವಷ್ಟೇ ವೇಗದಲ್ಲಿ ಹರಡಬೇಕು. ಹೊಲದಿಂದ ಹರಿದು ಪಕ್ಕದ ಹಳ್ಳ ಸೇರಿದರೆ ಅದು ನೆಲಕ್ಕೆ ಬಿಟ್ಟ ನೀರಾಗಿ ಉಳಿಯುವುದಿಲ್ಲ. ನಿಮ್ಮ ಒಪ್ಪಿಗೆ ಇದ್ದ ಮಾತ್ರಕ್ಕೆ ಅವರಿಗೆ ಮಂಡಳಿಯ ಸಮ್ಮತಿ ಬೇಡವಾಗುವುದಿಲ್ಲ ಎಂಬುದೂ ನೆನಪಿರಲಿ.

ಪ್ರಶ್ನೆ: ಕುಡಿಯುವ ನೀರಿನ ಕೊಳವೆಯನ್ನು ಪರೀಕ್ಷಿಸಿದ ನೀರು ಕುಡಿಯಲು ಯೋಗ್ಯವಾದದ್ದೇ ಅಲ್ಲವೇ? ಅದನ್ನು ಮಳೆನೀರಿನ ಚರಂಡಿಗೆ ಬಿಡಲು ಏನಡ್ಡಿ?

ಉತ್ತರ: ಮನುಷ್ಯರು ಕುಡಿಯಬಹುದಾದ ನೀರಿನಲ್ಲಿ ಮೀನು ಬದುಕಲಾರದು ಎಂಬುದು ವಿಚಿತ್ರವೆನಿಸಿದರೂ ನಿಜ, ಮತ್ತು ಅದಕ್ಕೆ ಕಾರಣ ಕ್ಲೋರಿನ್. ಸಿಹಿನೀರಿನ ಜೀವಿಗಳ ರಕ್ಷಣೆಗಾಗಿ ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ ಸೂಚಿಸಿದ ಅಲ್ಪಾವಧಿಯ ಮಿತಿ ಲೀಟರಿಗೆ 19 ಮೈಕ್ರೋಗ್ರಾಂ. ನಲ್ಲಿಯ ನೀರಿನಲ್ಲಿ 0.5 ಮಿಲಿಗ್ರಾಂ ಕ್ಲೋರಿನ್ ಇದ್ದರೆ ಅದು ಈ ಮಿತಿಯ 26 ಪಟ್ಟು. ಭಾರತದ ಸಾಮಾನ್ಯ ಮಾನದಂಡ 1 ಮಿಲಿಗ್ರಾಂವರೆಗೆ ಅವಕಾಶ ಕೊಡುತ್ತದೆ. ಮೀನಿನ ದೃಷ್ಟಿಯಿಂದ ನೋಡಿದರೆ ಅದು ತೀರ ಸಡಿಲವಾಯಿತೆಂದೇ ಹೇಳಬೇಕು. ಮಳೆನೀರಿನ ಚರಂಡಿ ಹೆಚ್ಚಿನ ಕಡೆ ಯಾವ ಸಂಸ್ಕರಣೆಯೂ ಇಲ್ಲದೆ ನೇರವಾಗಿ ತೊರೆಗೆ ಸೇರುತ್ತದೆ.

ಹೊಸ ಕೊಳವೆಯನ್ನು ಬಳಕೆಗೆ ಬಿಡುವ ಮೊದಲು ರೋಗಾಣು ಕಳೆಯಲು ಬಳಸುವ ನೀರು ಇನ್ನೂ ಗಾಢವಾದದ್ದು. ಒಂದು ಪ್ರಚಲಿತ ವಿಧಾನದಲ್ಲಿ ಲೀಟರಿಗೆ 25 ಮಿಲಿಗ್ರಾಂ ಕ್ಲೋರಿನ್ ಹಾಕಿ 24 ಗಂಟೆ ನಿಲ್ಲಿಸುತ್ತಾರೆ. ಅದನ್ನು ಹಾಗೆಯೇ ಬಿಡುವಂತಿಲ್ಲ. ಸೋಡಿಯಂ ಥಯೋಸಲ್ಫೇಟ್ ಅಥವಾ ವಿಟಮಿನ್ ಸಿ ಎಂದು ಎಲ್ಲರಿಗೂ ಗೊತ್ತಿರುವ ಆಸ್ಕಾರ್ಬಿಕ್ ಆಮ್ಲದಿಂದ ಕ್ಲೋರಿನ್ ತೆಗೆದು ಬಿಡಬೇಕು. 300 ಮಿಲಿಮೀಟರ್ ವ್ಯಾಸದ ಒಂದು ಕಿಲೋಮೀಟರ್ ಕೊಳವೆಯಲ್ಲಿ ಸುಮಾರು 71 ಘನಮೀಟರ್ ನೀರು, ಅದರಲ್ಲಿ 1.8 ಕಿಲೋಗ್ರಾಂ ಕ್ಲೋರಿನ್ ಇದ್ದರೆ, ಅದಕ್ಕೆ ನಾಲ್ಕೂವರೆ ಕಿಲೋಗ್ರಾಂ ಆಸ್ಕಾರ್ಬಿಕ್ ಆಮ್ಲ ಸಾಕು.

ಪ್ರಶ್ನೆ: ಒಂದು ಟ್ಯಾಂಕಿನ ನೀರನ್ನೇ ಮುಂದಿನ ಟ್ಯಾಂಕಿಗೆ ಬಳಸಿದರೆ ಹೊರಬಿಡುವ ನೀರು ಕಡಿಮೆಯಾಗುವುದಿಲ್ಲವೇ?

ಉತ್ತರ: ಖಂಡಿತವಾಗಿಯೂ ಕಡಿಮೆಯಾಗುತ್ತದೆ. ಒಂದೇ ಗಾತ್ರದ ನಾಲ್ಕು ಟ್ಯಾಂಕುಗಳನ್ನು ಒಂದರ ನಂತರ ಒಂದರಂತೆ ಅದೇ ನೀರಿನಿಂದ ಪರೀಕ್ಷಿಸಿದರೆ ಎತ್ತುವ ನೀರೂ ಬಿಡುವ ನೀರೂ ಕಾಲುಭಾಗಕ್ಕೆ ಇಳಿಯುತ್ತವೆ. ಕ್ರಮ ಮಾತ್ರ ಸ್ವಚ್ಛವಾದದ್ದರಿಂದ ಕೊಳಕಾದದ್ದರ ಕಡೆಗೆ ಇರಬೇಕು: ಹೊಸ ಟ್ಯಾಂಕು ಮೊದಲು, ಎಣ್ಣೆ ಹಿಡಿದಿದ್ದ ಹಳೆಯ ಟ್ಯಾಂಕು ಕೊನೆಗೆ. ಪ್ರತಿ ವರ್ಗಾವಣೆಗೂ ಮೊದಲು ಕೆಸರು ತಳಕ್ಕೆ ಇಳಿಯಲು ಸಮಯ ಕೊಡಿ. ಸ್ಟೇನ್‌ಲೆಸ್ ಸ್ಟೀಲ್ ಟ್ಯಾಂಕು ಸಾಲಿನಲ್ಲಿದ್ದರೆ ಕ್ಲೋರೈಡನ್ನು ಅಳೆಯದೆ ಮುಂದುವರಿಯಬೇಡಿ, ಏಕೆಂದರೆ ಅಂಥ ಲೋಹಕ್ಕೆ ಸಾಮಾನ್ಯವಾಗಿ ಹತ್ತು ಲಕ್ಷಕ್ಕೆ 50 ಭಾಗಕ್ಕಿಂತ ಹೆಚ್ಚು ಕ್ಲೋರೈಡ್ ಇರುವ ನೀರನ್ನು ಬಳಸುವುದಿಲ್ಲ. ಕೊನೆಯ ಟ್ಯಾಂಕಿನಿಂದ ಹೊರಬೀಳುವ ನೀರು ನಾಲ್ಕೂ ಟ್ಯಾಂಕುಗಳ ಕೊಳೆಯನ್ನು ಹೊತ್ತಿರುವುದರಿಂದ, ಪರವಾನಗಿಯ ಅರ್ಜಿಯಲ್ಲಿ ಕೊನೆಯ ಟ್ಯಾಂಕಿನ ಹೆಸರೊಂದನ್ನೇ ಬರೆಯದೆ ನಾಲ್ಕರ ಹಿಂದಿನ ದಾಸ್ತಾನಿನ ವಿವರವನ್ನೂ ಕೊಡಿ.